ಹುತ್ತದ ಮೇಲಿನ ಫೋನು

...ಅದಕ್ಕೇ ಹೇಳ್ತಿರೋದು ಭಾವ, ತಂಗಿ ಎಸ್ನಾತಿ ಬರೋದರೊಳಗೆ, ಫೋನಿನಲ್ಲಿ ನೀನು ಏನೇನು ಮಾತಾಡಿದೆ ಅನ್ನೋದನ್ನ ನೀನು ಪೂರ್ತಿ ಕಲಿತುಕೊಂಡುಬಿಡಬೇಕು.

ಹಾಗೆ ಕಣ್ಣು ಬಿಡಬೇಡ. ಕುಡಿ, ಮೊದಲು ಆ ತೋಬ್ವಾ ಕುಡಿ. ನಿಧಾನ... ನಿಧಾನ ಮಾರಾಯ! ಜೋಳದ ಗಂಜಿ ಅದು, ಎಲ್ಲೂ ಓಡಿ ಹೋಗಲ್ಲ. ಹದಿನೆಂಟು ದಿವಸ ಆಯಿತು ನೀನು ಈ ಜಗುಲಿ ಬಿಟ್ಟು ಹೋಗಿ. ದೇವರು ದೊಡ್ಡವನು. ನೋಡು, ಬಂದಿದ್ದು ಬಂದೆ, ಊರೆಲ್ಲ ಪರಿಹಾರದ ಹಿಟ್ಟಿನ ಲಾರಿ ಮುಂದೆ ಸಾಲು ನಿಂತಿರೋ ಹೊತ್ತಿಗೇ ಬಂದೆ. ಒಬ್ಬರೂ ನೋಡಿಲ್ಲ. ಇದೂ ಅವನ ಕೃಪೆಯೇ. ಎಸ್ನಾತಿಯೂ ಅಲ್ಲೇ ಇದ್ದಾಳೆ, ಕೂಸನ್ನ ಬೆನ್ನಿಗೆ ಕಟ್ಟಿಕೊಂಡು. ಹೌದು, ಕೂಸು! ನಿನ್ನ ಮಗಳು! ನಿನಗೆ ಗೊತ್ತಲ್ಲ... ಅಂದ್ರೆ, ಗೊತ್ತಿಲ್ಲ. ಆದ್ರೂ ಗೊತ್ತು. ನಾನೇ ಫೋನಿನಲ್ಲಿ ಹೇಳಿದೆ, ನೀನು ಖುಷಿಗೆ ಅತ್ತುಬಿಟ್ಟೆ. ಚೆನ್ನಾಗಿ ಅತ್ತೆ ಭಾವ. ಕೆಳಗೆ ನಿಂತಿದ್ದ ಹೆಂಗಸರಿಗೆಲ್ಲ ಕಣ್ಣೀರು ಬಂತು.

ಯಾಕೆ ಬಟ್ಟಲು ಕೆಳಗಿಟ್ಟೆ?

ಸರಿ, ಸರಿ. ಮೊದಲಿನಿಂದ ಹೇಳ್ತೀನಿ. ನಾನು ಈ ಊರಿನ ಚರ್ಚಿನ ಹಿರಿಯ, ಹದಿಮೂರು ವರ್ಷದಿಂದ ಕಾಣಿಕೆ ತಟ್ಟೆ ಹಿಡಿದವನು. ಈ ವೈಸನ್ ಸುಳ್ಳು ಹೇಳಿದ ಅಂತ ಇಲ್ಲಿಯವರೆಗೆ ಒಂದು ನಾಯಿಯೂ ಬೊಗಳಿಲ್ಲ. ಹೇಳಿದ್ದು ಒಂದೇ ಸುಳ್ಳು. ಅದು ಒಂದೇ. ಆದ್ರೆ ಅದಕ್ಕೆ ಕೈಕಾಲು ಬಂತು, ಮೀಸೆ ಬಂತು, ಆಮೇಲೆ ಅದು ನಿನ್ನ ದನಿಯಲ್ಲಿ ಮಾತಾಡೋಕೆ ಶುರು ಮಾಡಿತು. ನಾನೇನು ಮಾಡಲಿ?

ಇದನ್ನ ನೋಡ್ತಿದ್ದೀಯಾ? ನನ್ನ ಕತ್ತಿನಲ್ಲಿರೋದನ್ನ? ಅದೇ ಫೋನು. ಮಹಿಳಾ ಸಂಘದವರು ಹೊಲಿದುಕೊಟ್ಟ ಅದೇ ಕೆಂಪು ಚೀಲ. ವಿಪತ್ತು ಸಮಿತಿಯ ತರಬೇತಿಗೆ ಹೋಗಿ ಬಂದೆನಲ್ಲ, ಎರಡು ದಿವಸ, ಊಟಕ್ಕೆ ಕೋಳಿ ಹಾಕಿದ್ದರಲ್ಲ, ಆಗ ಕೊಟ್ಟಿದ್ದು. ಆ ಮೇಷ್ಟ್ರು ಏನಂದರು? 'ಬಿರುಗಾಳಿ ಬಂದು ದಾರಿ ಕಡಿದಾಗ ಈ ಫೋನೇ ನಿಮ್ಮೂರಿನ ಪ್ರಾಣ. ಚಾರ್ಜ್ ಉಳಿಸಿ. ಉದ್ದ ಮಾತಾಡಬೇಡಿ. ಏನೇ ಆಗಲಿ, ನೀರು ತಾಗಿಸಬೇಡಿ.' ಪಾದ್ರಿಗಳು ಇದನ್ನ ಪೀಠದ ಮೇಲಿಟ್ಟು ಪ್ರಾರ್ಥನೆ ಮಾಡಿದರು. ಸಭೆಯ ಮುಂದೆ ನಾನು ಎದ್ದು ನಿಂತು, ಒಂದು ಹನಿ ತಾಗೋಕೂ ಬಿಡಲ್ಲ ಅಂತ ಮಾತು ಕೊಟ್ಟೆ. ನೀನು ಹಿಂದಿನ ಬೆಂಚಿನಲ್ಲಿ ಕೂತು ಕಿಸಕ್ಕನೆ ನಕ್ಕೆ. ನಾನು ನೋಡಿದೆ. ಬಿಯರಿನ ವಾಸನೆ ನನ್ನ ಬೆಂಚಿನವರೆಗೂ ಬಂದಿತ್ತು. ಹೋಗಲಿ ಬಿಡು. ಆದ್ರೆ ನೋಡಿಕೋ, ಇವತ್ತಿಗೂ ಒಂದು ಹನಿ ತಾಗಿಲ್ಲ! ಮುಟ್ಟಿ ನೋಡು ಬೇಕಾದ್ರೆ.

ಬೇಡವಾ. ಸರಿ.

ಆ ದಿವಸ... ಆ ದಿವಸದ್ದು ನಿನಗೆ ನಾನು ಹೇಳಬೇಕಾ? ಗಾಳಿ, ಮಳೆ. ನಮ್ಮ ಕಡೆಯ ಟವರ್ ಮುರಿದ ಕಬ್ಬಿನ ಹಾಗೆ ಬಿದ್ದಿತ್ತು. ಎಸ್ನಾತಿಗೆ ನೋವು ಶುರುವಾಯಿತು, ಎರಡು ವಾರ ಮುಂಚೆಯೇ. ನರ್ಸಮ್ಮನನ್ನ ಕರೀಬೇಕು ಅಂದ್ರೆ ಹೊಳೆಯ ಆಚೆ ದಿಬ್ಬಕ್ಕೆ ಹೋಗಬೇಕು, ಅಲ್ಲಾದ್ರೆ ಬೇರೆ ಟವರ್ ಸಿಗುತ್ತೆ. ನಿನ್ನ ಫೋನು ಆಗಲೇ ಮಳೆಗೆ ನೆಂದು ಸತ್ತಿತ್ತು. ಉಳಿದ ಫೋನು ನನ್ನದು, ಹೆಂಡತಿ ನಿನ್ನವಳು. ಇಬ್ಬರೂ ಹೊರಟೆವು. ನೀನು ಮುಂದೆ, ನಾನು ಹಿಂದೆ. ಸೊಂಟದವರೆಗೆ ಇದ್ದ ನೀರು ಎದೆಗೆ ಬಂತು. ನೀನು ಜಾರಿದೆ. ನಾನು ಆ ಬಿದ್ದ ಮರ ಹಿಡಿದು ನಿಂತಿದ್ದೆ. ಎರಡೂ ಕೈಯಲ್ಲಿ ಹಿಡಿದಿದ್ದೆ ಭಾವ. ಎರಡೂ ಕೈ! ಬಿಟ್ಟಿದ್ರೆ ಇಬ್ಬರೂ ಹೋಗ್ತಿದ್ವಿ. ದೇವರಿಗೆ ಗೊತ್ತು. ಆಮೇಲೆ ನೀನು ಕಾಣಲಿಲ್ಲ. ನಾನು ದಡದಗುಂಟ ಕೂಗುತ್ತಾ ಓಡಿದೆ. ಕತ್ತಲಾಗೋವರೆಗೂ ಕೂಗಿದೆ.

ಮನೆಗೆ ಬಂದ್ರೆ ಅವಳು ಒಳಗೆ ನರಳುತ್ತಾ ಇದ್ದಳು. ನಮ್ವೆರಾ ಅಜ್ಜಿ ಸೂಲಗಿತ್ತಿಯಾಗಿ ಕೂತಿದ್ದಳು. ಎಸ್ನಾತಿ ನೋವಿನ ನಡುವೆ ತಲೆ ಎತ್ತಿ, 'ಅಣ್ಣಾ, ಲಾಸ್ಟನ್ ದಾಟಿದನಾ?' ಅಂತ ಕೇಳಿದಳು. ಏನು ಹೇಳಲಿ? ನೀನೇ ಹೇಳು, ಆ ಹೊತ್ತಿನಲ್ಲಿ ಯಾವ ಅಣ್ಣ ಏನು ಹೇಳ್ತಾನೆ? 'ದಾಟಿದ. ಆಚೆ ದಡ ಸೇರಿ ಕೈ ಬೀಸಿದ' ಅಂದೆ. ಅವಳು ಕಣ್ಣು ಮುಚ್ಚಿ ಮುಕ್ಕಿರಿದಳು, ಕೂಸು ಹೊರಗೆ ಬಂತು. ಆ ಸುಳ್ಳಿನ ಮೇಲೇ ನಿನ್ನ ಮಗಳು ಹುಟ್ಟಿದ್ದು ಭಾವ. ಅದನ್ನ ಮರೀಬೇಡ.

ಮಾರನೆ ದಿವಸ ಬೆಳಿಗ್ಗೆ ಏನಾಯಿತು ಗೊತ್ತಾ? ಹಸೀ ಬಾಣಂತಿ, ನಡುವಿಗೆ ಬಟ್ಟೆ ಬಿಗಿದುಕೊಂಡು ಎದ್ದು ನಿಂತಳು. ದಾಟಿದವನು ವಾಪಸ್ ಬರಲಿಲ್ಲ ಯಾಕೆ, ನರ್ಸಮ್ಮ ಬರಲಿಲ್ಲ ಯಾಕೆ, ನಾನೇ ಹೋಗ್ತೀನಿ ಅಂತ ಹೊರಟಳು. ಹೊಳೆ ಆಗಲೂ ಎದೆಯುದ್ದ. ಅವಳ ಹಠ ನಿನಗೆ ಗೊತ್ತಿಲ್ಲವಾ? ಮೂರು ಜನ ಹಿಡಿದ್ರೂ ನಿಲ್ಲಲಿಲ್ಲ. ಆಗ ನನ್ನ ಬಾಯಿಂದ ಬಂತು: 'ನಿಲ್ಲೇ! ನಾನು ಅವನ ಹತ್ತಿರ ಫೋನಿನಲ್ಲಿ ಮಾತಾಡ್ತೀನಿ!'

ಓಡಿದೆ. ಸ್ಮಶಾನದ ಹಿಂದಿನ ದೊಡ್ಡ ಹುತ್ತ ಇದೆಯಲ್ಲ, ಮನೆ ಎತ್ತರದ್ದು, ಒಂದೊಂದು ಸಲ ಅದರ ತುದಿಯಲ್ಲಿ ಗಡಿಯಾಚೆಯ ಮೊಜಾಂಬಿಕ್ ಟವರ್ ಸಿಗುತ್ತೆ ಅಂತಾರಲ್ಲ, ಅದನ್ನ ಹತ್ತಿದೆ. ಊರೆಲ್ಲ ಕೆಳಗೆ ನಿಂತಿತು. ಪರದೆಯಲ್ಲಿ ಒಂದು ಗೆರೆಯೂ ಇಲ್ಲ. ಕಿವಿಗಿಟ್ಟುಕೊಂಡೆ. 'ಹಲೋ! ಹಲೋ! ಲಾಸ್ಟನ್? ಹಾಂ, ಕೇಳ್ತಾ ಇದೆ!' ಅಂದೆ.

ನಗ್ತೀಯಾ? ಇಲ್ಲ, ನಗ್ತಾ ಇಲ್ಲ... ನಕ್ಕುಬಿಡು ಮಾರಾಯ, ನಗೋ ವಿಷಯವೇ.

ಮೊದಲ ದಿವಸ ಜಾಸ್ತಿ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಗಾಯಾಳುಗಳನ್ನ ಹೊರೋಕೆ ನಿನ್ನನ್ನ ನಿಲ್ಲಿಸಿಕೊಂಡಿದ್ದಾರೆ, ನರ್ಸಮ್ಮನ ಫೋನಿನಿಂದ ಮಾತಾಡ್ತಾ ಇದ್ದೀಯ, ನೀರು ಇಳಿಯೋವರೆಗೂ ಯಾರೂ ಹೊಳೆಗೆ ಇಳೀಬಾರದು ಅಂತ ನೀನು ಕಟ್ಟುನಿಟ್ಟಾಗಿ ಹೇಳಿದ್ದೀಯ. ಅಷ್ಟೇ. ಎಸ್ನಾತಿ ನಡುವಿನ ಬಟ್ಟೆ ಬಿಚ್ಚಿ ಕೂಸಿಗೆ ಹಾಲು ಕೊಡೋಕೆ ಕೂತಳು. ಮುಗೀತು ಅಂದುಕೊಂಡೆ. ಎಲ್ಲಿ ಮುಗಿಯುತ್ತೆ! ಮಾರನೆ ದಿವಸ ಬೆಳಕು ಹರಿಯೋದರೊಳಗೆ ಅವಳು ಹುತ್ತದ ಬುಡದಲ್ಲಿ. 'ಅಣ್ಣಾ, ಅವನು ಊಟ ಮಾಡಿದನಾ ಕೇಳು.'

ಚಾರ್ಜ್ ನಾಲ್ಕನೇ ದಿವಸಕ್ಕೇ ಹೋಯಿತು. ಊರಿನಲ್ಲಿ ಇದ್ದ ಒಂದೇ ಸೋಲಾರ್ ತಗಡು ಗಾಳಿಯಲ್ಲಿ ಹಾರಿ ಎಲ್ಲಿ ಬಿತ್ತೋ. ಆಮೇಲೆ ಇದು ಬರೀ ಸೋಪಿನ ತುಂಡು. ಸೋಪಿನ ತುಂಡನ್ನ ಕಿವಿಗಿಟ್ಟುಕೊಂಡು ನಾನು ಎರಡು ವಾರ 'ಹಲೋ' ಅಂದೆ. ನಿನ್ನ ಮಗಳಿಗೆ ಊರಿನ ಮಕ್ಕಳು ಏನು ಹೆಸರಿಟ್ಟಿದ್ದಾವೆ ಗೊತ್ತಾ? ಹಲೋ! ನೀನು ಫೋನಿನಲ್ಲಿ ಚಿಸೋಮೊ ಅಂತ ಇಟ್ಟೆ, ದೇವರ ಕೃಪೆ ಅಂತ, ಎಂಥಾ ಹೆಸರು. ಯಾರೂ ಹಾಗೆ ಕರೆಯಲ್ಲ. ಹಲೋ ಅಂದ್ರೆ ಸಾಕು, ಕತ್ತು ತಿರುಗಿಸುತ್ತೆ ಅದು.

ಈಗ ಕೇಳಿಕೋ, ಇದು ಮುಖ್ಯ. ನೀನು ಏನೇನು ಹೇಳಿದ್ದೀಯ ಅಂದ್ರೆ... ಒಂದು, ನಮ್ಮಮ್ಮನ ಹತ್ತಿರ ಕ್ಷಮೆ ಕೇಳಿದ್ದೀಯ. ಅವಳ ಕುಂಬಳದೆಲೆ ಸಾರನ್ನ ಮೇಕೆ ಮೂತ್ರ ಅಂದಿದ್ದೆಯಲ್ಲ, ಅದಕ್ಕೆ. 'ಆ ಸಾರು ಈಗ ಒಂದು ತುತ್ತು ನ್ಸೀಮಾ ಮುದ್ದೆ ಜೊತೆ ಸಿಕ್ಕಿದ್ರೆ ಸಾಕಿತ್ತು' ಅಂದೆ. ಅಮ್ಮ ನೆಲದ ಮೇಲೆ ಕೂತುಬಿಟ್ಟಳು. ಅವತ್ತಿನಿಂದ ದಿವಸಾ ಅದೇ ಮಾಡಿ ನಿನ್ನ ಪಾಲು ಮುಚ್ಚಿಡ್ತಾಳೆ. ಇವತ್ತೂ ಇದೆ, ತಿನ್ನಲೇಬೇಕು ನೀನು. ಆಮೇಲೆ, ಕುಡಿಯೋದು ಬಿಟ್ಟಿದ್ದೀಯ. ಚರ್ಚಿನ ಹಾಡುಗಾರರ ಜೊತೆ ಸೇರ್ತೀಯ, ದಪ್ಪ ದನಿಯ ಸಾಲಿಗೆ. ನಿನಗೆ ಒಂದು ಜಾಗ ಬಿಟ್ಟುಕೊಂಡೇ ಹಾಡ್ತಾ ಇದ್ದಾರೆ ಅವರು. ಕೂಸಿನ ಹಬ್ಬಕ್ಕೆ ನಿನ್ನ ಕೆಂಪು ಮೇಕೆ ಕೊಯ್ಯಿರಿ ಅಂದೆ, ಕೊಯ್ದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿನಗೆ ಇಷ್ಟೊಂದು ಒಳ್ಳೆಯ ಮನಸ್ಸು ಇದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ ಭಾವ.

ಸೈಕಲ್... ಅದನ್ನ ನೋಡಿಬಿಟ್ಟೆಯಾ. ಅಲ್ಲಿ ಗೋಡೆಗೆ ಒರಗಿಸಿದ್ದೀನಿ. ಹೌದು, ನಿನ್ನದೇ. 'ಸೈಕಲ್ ಸುಮ್ಮನೆ ತುಕ್ಕು ಹಿಡಿಯೋದು ಯಾಕೆ, ದೇವರ ಕೆಲಸಕ್ಕೆ ಓಡಾಡೋಕೆ ಅಣ್ಣ ವೈಸನ್ ಇಟ್ಟುಕೊಳ್ಳಲಿ' ಅಂತ... ನೀನು... ಹತ್ತನೇ ದಿವಸ. ಏನು ಮಾಡೋದು, ಬಾಯಿಗೆ ಬಂದುಬಿಟ್ಟಿತು. ತಗೋ, ತಗೋ ಸೈಕಲ್! ಇವತ್ತೇ ತಗೋ! ಎಣ್ಣೆ ಹಾಕಿಟ್ಟಿದ್ದೀನಿ.

ಹಾಗೆ ನೋಡಿದ್ರೆ ನೀನು ಇದ್ದಾಗ ನಿನ್ನ ಮಾತು ಈ ಊರಿನಲ್ಲಿ ಯಾರು ಕೇಳ್ತಿದ್ದರು ಹೇಳು. ನಮ್ಮಲ್ಲಿ ಗಂಡಸರೆಲ್ಲ ಹೆಂಡತಿಯ ಊರಿಗೆ ಬಂದ ಮನೆ ಅಳಿಯಂದಿರೇ. ತಂಗಿಯರ ಹೊಣೆಯೆಲ್ಲ ಅಣ್ಣನದು. ಅಳಿಯ ಬರ್ತಾನೆ, ಬಾಯಿ ಮುಚ್ಚಿಕೊಂಡು ಗುದ್ದಲಿ ಹಿಡೀತಾನೆ. ಈಗ? ಊರಿನ ಮುಖ್ಯಸ್ಥರೇ ಬಂದು, 'ಕುಸಿದ ಬಾವಿ ತೆಗೆಸೋದೋ ಹೊಸದು ತೋಡಿಸೋದೋ, ಲಾಸ್ಟನ್ ಏನಂತಾನೆ ಕೇಳು' ಅಂದರು. ಹೊಸದು ಅಂದೆ ನೀನು. ತೋಡ್ತಾ ಇದ್ದಾರೆ.

ನೀನು ಮಾತಾಡಲ್ಲವಾ ಭಾವ? ನಾಲಿಗೆಗೆ ಏನಾದ್ರೂ ಆಗಿದೆಯಾ? ಎಡಗೈ ಕಟ್ಟಿದ್ದಾರೆ, ಅದು ಕಾಣ್ತಾ ಇದೆ. ಆಚೆ ದೇಶದ ಶಿಬಿರದಲ್ಲಿ ಕಟ್ಟಿದ್ದಾ? ತಲೆ ಆಡಿಸಿದ್ರೂ ಸಾಕು. ...ಸರಿ. ದಣಿದಿದ್ದೀಯ. ನಾನೇ ಮಾತಾಡ್ತೀನಿ. ಅಭ್ಯಾಸ ಆಗಿದೆ.

ಒಂದು ಕಷ್ಟ ಬಂತು. ಪಾದ್ರಿಗಳಿಗೆ ಅನುಮಾನ. 'ಟವರ್ ಇಷ್ಟು ದುರ್ಬಲ ಇರುವಾಗ ಇಷ್ಟು ಉದ್ದ ಮಾತು ಹೇಗಪ್ಪಾ ಸಿಗುತ್ತೆ?' ಅಂದರು. ಆಗ ನಾನು ದಾರಿ ಬದಲಿಸಿದೆ. ಇನ್ನು ಮೇಲೆ ಬರೀ ಮಿಸ್ಡ್ ಕಾಲ್ ಬರುತ್ತೆ ಅಂದೆ. ನಮ್ಮ ಮನೆಯ ಕಟ್ಟಳೆ ಇದ್ದೇ ಇದೆಯಲ್ಲ. ಒಂದು ರಿಂಗ್ ಹೊಡೆದು ನಿಂತ್ರೆ ಹೌದು. ಎರಡಾದ್ರೆ ಇಲ್ಲ. ಮೂರಾದ್ರೆ, ಕೈಯಲ್ಲಿರೋದನ್ನ ಅಲ್ಲೇ ಬಿಸಾಕಿ ಓಡಿ ಬಾ. ನೆನಪಿದೆಯಾ, ಹೋದ ವರ್ಷ ಜೋಳದ ಕಣಜಕ್ಕೆ ಬೆಂಕಿ ಬಿದ್ದಾಗ ನೀನು ಮೂರು ಹೊಡೆದೆ? ನಾನು ಚರ್ಚಿನಲ್ಲಿ ಓದ್ತಾ ಇದ್ದೆ. ಬೈಬಲ್ಲನ್ನೇ ನೆಲದ ಮೇಲೆ ಬಿಟ್ಟು ಓಡಿ ಬಂದೆ! ಪಾದ್ರಿಗಳು ಒಂದು ತಿಂಗಳು ಬೈದರು. ಮೂರು ಅಂದ್ರೆ ಮೂರು, ಅದರಲ್ಲಿ ಮಾತಿಲ್ಲ... ಏನೋ ಹೇಳ್ತಾ ಇದ್ದೆ. ಹಾಂ, ಒಂದು ಮತ್ತು ಎರಡು. ಎಸ್ನಾತಿ ಕೆಳಗಿನಿಂದ ಪ್ರಶ್ನೆ ಕೂಗೋದು, ನಾನು ಮೇಲೆ ಕಿವಿ ಕೊಟ್ಟು ಬೆರಳು ತೋರಿಸೋದು. ಜ್ವರ ಇದೆಯಾ? ಎರಡು. ನನ್ನ ನೆನಪಾಗುತ್ತಾ? ಒಂದು. ಅಲ್ಲಿ ಬೇರೆ ಹೆಂಗಸರು ಇದ್ದಾರಾ? ಎರಡು! ಎರಡು! ಎರಡೂ ಕೈಯಲ್ಲಿ ಎರಡು ತೋರಿಸಿದೆ.

ನಮ್ವೆರಾ ಅಜ್ಜಿ ಒಂದು ದಿವಸ ಬಂದಳು. ಕೋಲೂರಿಕೊಂಡು. 'ವೈಸನ್, ನಮ್ಮ ಯಜಮಾನರಿಗೂ ಒಂದು ಹೊಡಿ' ಅಂದಳು. ಅಜ್ಜೀ, ಅವರು ತೀರಿಕೊಂಡು ಒಂಬತ್ತು ವರ್ಷ ಆಯಿತಲ್ಲ ಅಂದೆ. 'ಅದಕ್ಕೇನಂತೆ? ನೀನು ಮಾತಾಡ್ತಾ ಇರೋ ಕಡೆಗೇ ತಾನೇ? ಅಲ್ಲೇ ಎಲ್ಲೋ ಇರ್ತಾರೆ, ಕೂಗು' ಅಂದಳು. ಮುದುಕಿಯ ಮುಖ ನೋಡಿದೆ, ನಗ್ತಾ ಇದ್ದಾಳೋ ಏನೋ ಗೊತ್ತಾಗಲಿಲ್ಲ. ಹೊಡೆದೆ. ಅವಳ ಯಜಮಾನರೂ ಚೆನ್ನಾಗಿದ್ದಾರೆ, ಒಂದು ರಿಂಗ್ ಅಂದೆ. ಒಂದು ಮೊಟ್ಟೆ ಕೊಟ್ಟು ಹೋದಳು.

ಹೌದು. ಹೌದು, ನೀನು ಸತ್ತಿದ್ದೀಯ ಅಂತಲೇ ಅಂದುಕೊಂಡಿದ್ದೆ. ಇಲ್ಲ ಅಂತ ಯಾಕೆ ಹೇಳಲಿ. ಸತ್ತವನ ಬಾಯಲ್ಲಿ ಒಳ್ಳೆಯ ಮಾತೇ ಆಡಿಸಿದೆನಲ್ಲ? ಒಂದು ಕೆಟ್ಟ ಮಾತು ಆಡಿಸಿದೆನಾ? ಎಲ್ಲ ದಿವಸ ಹುತ್ತ ಹತ್ತೋ ಮುಂಚೆ ಮೊಣಕಾಲೂರಿ ಕ್ಷಮೆ ಕೇಳಿಕೊಂಡೇ ಹತ್ತಿದ್ದೀನಿ.

ಹನ್ನೆರಡನೇ ದಿವಸ ಎಸ್ನಾತಿ ತಾನೇ ಹತ್ತಿ ಬಂದಳು. ಬೇಡ ಅಂದೆ, ಕುಸಿಯುತ್ತೆ ಅಂದೆ, ಹಾವಿದೆ ಅಂದೆ. ಬಂದಳು. ಕೈ ಚಾಚಿದಳು. ಕೊಡದೆ ಏನು ಮಾಡಲಿ? ಕಿವಿಗಿಟ್ಟುಕೊಂಡಳು. ಚಾರ್ಜ್ ಇಲ್ಲದ, ಕಪ್ಪು ಪರದೆಯ ಫೋನು. ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದೆ. ಬಹಳ ಹೊತ್ತು ಕೇಳಿಸಿಕೊಂಡಳು. ಒಂದು ಸಲ 'ಹೂಂ' ಅಂದಳು. ಆಮೇಲೆ ಫೋನ್ ವಾಪಸ್ ಕೊಟ್ಟು ಏನಂದಳು ಗೊತ್ತಾ? 'ಶೀತ ಆಗಿದೆ ಅವನಿಗೆ, ದನಿ ಬದಲಾಗಿದೆ' ಅಂದಳು. ಅಷ್ಟು ಹೇಳಿ ಇಳಿದು ಹೋದಳು. ನಾನು ಏನಂತ ತಿಳೀಲಿ? ಅವಳಿಗೆ ಗೊತ್ತಾ? ಗೊತ್ತಿಲ್ಲವಾ? ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಆದ್ರೆ ಅವಳು ಹೊಳೆಗೆ ಇಳೀಲಿಲ್ಲ. ಕೂಸಿಗೆ ಹಾಲು ಬತ್ತಲಿಲ್ಲ. ಅದು ಸಾಕು.

ಅದಕ್ಕೇ ಭಾವ, ನಿನ್ನ ಕಾಲು ಹಿಡ್ಕೊಂತೀನಿ. ಅವಳು ಬಂದು 'ಫೋನಿನಲ್ಲಿ ಮಾತಾಡಿದ್ದು ನೀನೇನಾ?' ಅಂತ ಕೇಳಿದ್ರೆ, ಹೌದು ಅನ್ನು. ಒಂದೇ ಒಂದು ಮಾತು. ನಾನೇ, ದಾಟಿದ್ದೆ, ಕೈ ಬೀಸಿದ್ದೆ ಅನ್ನು. ಇಲ್ಲ ಅಂದ್ರೆ ಅವಳು ಮುಂದಿನ ಮಾತು ಕೇಳ್ತಾಳೆ. ದಾಟಲಿಲ್ಲ ಅಂದ್ರೆ ಏನಾಯಿತು, ಅಣ್ಣ ಎಲ್ಲಿದ್ದ, ಅಣ್ಣ ಏನು ಮಾಡ್ತಿದ್ದ ಅಂತ... ನಾನು ಹೇಳಿದೆನಲ್ಲ ಆಗಲೇ, ಎರಡೂ ಕೈಯಲ್ಲಿ ಮರ ಹಿಡಿದಿದ್ದೆ ಅಂತ.

ಯಾಕೆ ಮತ್ತೆ ಈ ಚೀಲ ನೋಡ್ತೀಯ?

ಬಟ್ಟೆ ಚೀಲ ಇದು, ಹೌದು. ಕತ್ತಿನಲ್ಲಿ ನೇತು ಹಾಕಿಕೊಳ್ಳೋದು, ಹೌದು. ನೀರು ಎದೆವರೆಗೆ... ಹೌದು, ಎದೆವರೆಗೆ ಅಂತ ನಾನೇ ಅಂದೆ.

ಒಂದು ಹನಿಯೂ ತಾಗಿಲ್ಲ ಅಂತಲೂ ನಾನೇ ಅಂದೆ.

...

ಏನು? ಏನು ಬೇಕು, ಕೈ ಚಾಚಿದ್ದೀಯಲ್ಲ? ಬಟ್ಟಲಾ? ಇನ್ನೊಂದು ಬಟ್ಟಲು ತೋಬ್ವಾ ತರಲಾ? ಅಲ್ಲವಾ... ಫೋನಾ? ತಗೋ. ತಗೋ ಭಾವ, ಬಿಚ್ಚಿಕೊಡ್ತೀನಿ. ...ಇದೂ ಬೇಡವಾ. ಮತ್ತೆ ಯಾಕೆ ಹಾಗೆ ಹಿಡಿದಿದ್ದೀಯ, ಬೆರಳು ಬಿಡಿಸಿಕೊಂಡು? ಇಳಿಸು ಆ ಕೈ. ನೋಡೋಕಾಗಲ್ಲ ನನಗೆ. ಇದೇ ಕೈ, ಹೀಗೇ, ಇಷ್ಟೇ ದೂರದಲ್ಲಿ ಇತ್ತು ಅವತ್ತು...

ಒಂದು ಕೈಯಲ್ಲಿ ಮರ. ಒಂದೇ ಕೈಯಲ್ಲಿ.

ಇನ್ನೊಂದನ್ನ ಎತ್ತಿ ಹಿಡಿದಿದ್ದೆ. ತಲೆಯ ಮೇಲೆ. ಫೋನು ನೆನೀಬಾರದು ಅಂತ. ಊರಿನ ಪ್ರಾಣ ಅಂದಿದ್ದರು ಭಾವ, ಸಭೆಯ ಮುಂದೆ ಮಾತು ಕೊಟ್ಟಿದ್ದೆ... ಯೋಚನೆ ಮಾಡ್ತಾ ಇದ್ದೆ, ಬಿಡಲೋ ಬೇಡವೋ ಅಂತ. ನಿಜವಾಗಿ ಯೋಚನೆ ಮಾಡ್ತಾ ಇದ್ದೆ. ಅಷ್ಟರೊಳಗೆ ನೀನು ಇರಲಿಲ್ಲ.

ತಗೋ. ಕೆಳಗಿಟ್ಟೆ ನೋಡು ಫೋನು. ಎರಡೂ ಕೈ ಖಾಲಿ. ಹಿಡ್ಕೊಂಡಿದ್ದೀನಿ ನಿನ್ನ ಕೈ, ಗಟ್ಟಿಯಾಗಿ. ಎಷ್ಟು ತಣ್ಣಗಿದೆ...

ಶ್! ಕೇಳಿಸಿತಾ? ಹಲೋ ಅಳ್ತಾ ಇದೆ. ಬಾಳೆಗಿಡದ ಹತ್ತಿರ ಬಂದಳು ಎಸ್ನಾತಿ. ಭಾವ, ಬಾಯಿ ಬಿಡೋಕೆ ಆಗದಿದ್ದರೆ ಬೇಡ. ಕೈ ಅದುಮು, ಸಾಕು. ಹೇಳ್ತೀಯ ಅಂದ್ರೆ ಒಂದು ಸಲ. ಇಲ್ಲ ಅಂದ್ರೆ ಎರಡು ಸಲ. ನಮ್ಮ ರಿಂಗಿನ ಕಟ್ಟಳೆಯೇ, ನಾನು ತಿಳ್ಕೊಂತೀನಿ.

...ಒಂದು. ದೇವರೇ, ನಿನಗೆ ಸ್ತೋತ್ರ. ಒಂದು! ನಿನ್ನ ಋಣ ನಾನು...

ಎರಡು.

ಆಗಲಿ. ಆಗಲಿ ಭಾವ. ನ್ಯಾಯವೇ. ಎರಡು ಅಂದ್ರೆ ಇಲ್ಲ. ನಾನೇ ಹೇಳ್ತೀನಿ ಅವಳಿಗೆ, ನಾನೇ...

ಬಿಡಲ್ಲವಾ ಕೈ? ಇನ್ನೂ ಯಾಕೆ ಅದುಮ್ತಾ...

ಮೂರು.